ಬೆಟ್ಟ ದಾಟಿ ಬರುವ 62 ಕಿಲೋಮೀಟರ್: ಸೈಕಲ್ ದಾರಿ ಹುಡುಕಿದ ನನ್ನ ಅನುಭವ

ರೋಡ್ ಸೈಕಲ್ ತಗೊಂಡ ಮೊದಲ ವರ್ಷ ನನಗೆ ಒಂದೇ ಹುಚ್ಚು, ದೂರ. ಈ ಭಾನುವಾರ 74 ಕಿ.ಮೀ. ಆದರೆ ಮುಂದಿನ ಭಾನುವಾರ 80 ಆಗಲೇಬೇಕು. ಯಾವ ದಾರಿ ಅಂತ ತಲೆ ಕೆಡಿಸಿಕೊಂಡವನೇ ಅಲ್ಲ. ಹೊಳೆಯ ಪಕ್ಕದಲ್ಲೇ ಒಂದು ನುಣುಪಾದ ಟಾರು ರಸ್ತೆ ಇತ್ತು. ಅದರಲ್ಲೇ ಹೋಗುವುದು, ಅರ್ಧ ದೂರ ಆದ ಮೇಲೆ ತಿರುಗಿಸಿಕೊಂಡು ಅದರಲ್ಲೇ ಬರುವುದು. ಒಂದು ದಿನ ಮನೆಗೆ ಬಂದು ಶೂ ಬಿಚ್ಚುತ್ತಾ ಕೂತಿದ್ದಾಗ ಹೊಳೆಯಿತು, ಇವತ್ತು ಏನು ನೋಡಿದೆ ಅಂತ ಯಾರಾದರೂ ಕೇಳಿದರೆ ಹೇಳೋಕೆ ಏನೂ ಇಲ್ಲ. ಹೋಗುವಾಗ ಎಡಕ್ಕೆ ಹೊಳೆ, ಬಲಕ್ಕೆ ಹೊಲ. ಬರುವಾಗ ಬಲಕ್ಕೆ ಹೊಳೆ, ಎಡಕ್ಕೆ ಹೊಲ. ಅಷ್ಟೇ.

ಇನ್ನೂ ದೂರ ಹೋದರೆ ಬೇರೆ ಏನಾದರೂ ಸಿಗುತ್ತೆ ಅಂತ 110 ಕಿ.ಮೀ. ತುಳಿದೆ. ಅದೇ ಹೊಳೆ, ಅದೇ ಹೊಲ.

ಆಮೇಲೆ ಒಂದು ರಾತ್ರಿ ಕಾಂಟೂರ್ ಗೆರೆಗಳಿರುವ ನಕ್ಷೆ ತೆರೆದು ಸುಮ್ನೆ ನೋಡುತ್ತಾ ಕೂತೆ. ಒಂದೇ ಎತ್ತರದಲ್ಲಿರುವ ಜಾಗಗಳನ್ನು ಸೇರಿಸಿ ಎಳೆದಿರುವ ಗೆರೆಗಳಿವೆಯಲ್ಲ, ಅವು. ನನ್ನ ರಸ್ತೆ 40 ಕಿ.ಮೀ. ಉದ್ದಕ್ಕೂ ಒಂದೇ ಒಂದು ಗೆರೆಯ ಜೊತೆ ಜೊತೆಗೇ ಹೋಗಿತ್ತು. ನೋಟ ಬದಲಾಗದಿದ್ದರಲ್ಲಿ ಆಶ್ಚರ್ಯ ಏನಿದೆ? ಅದೇ ಎತ್ತರ, ಅದೇ ಮಣ್ಣು, ಅದೇ ನೀರು. ಬೆಳೆಯೂ ಅದೇ, ಮರಗಳೂ ಅವೇ. ಆದರೆ ಅಡ್ಡಕ್ಕೆ ನೋಡಿದರೆ ಕಥೆ ಬೇರೆ. ಹೊಳೆಯಿಂದ ಪಕ್ಕದ ಬೆಟ್ಟಸಾಲಿನ ನೆತ್ತಿಗೆ ಬರೀ 11 ಕಿ.ಮೀ. ಅಷ್ಟರಲ್ಲಿ ಗದ್ದೆ ಮುಗಿದು ಕಾಡು ಬರುತ್ತದೆ, ಕಾಡು ಮುಗಿದು ಹುಲ್ಲುಗಾವಲು ಬರುತ್ತದೆ. ಅದರಾಚೆ ಮಳೆನೆರಳಿನ ಒಣ ಇಳಿಜಾರು. ಮೋಡ ಹೊತ್ತು ಬರುವ ಗಾಳಿ ಬೆಟ್ಟ ಹತ್ತುತ್ತಾ ತಣ್ಣಗಾಗಿ ಈ ಕಡೆಯೇ ಮಳೆ ಸುರಿಸಿಬಿಡುತ್ತದೆ, ಆಚೆ ಕಡೆಗೆ ಉಳಿಯೋದು ಕಡಿಮೆ. ಹಾಗಾಗಿ ಒಂದೇ ಬೆಟ್ಟದ ಎರಡು ಬೆನ್ನು ಎರಡು ಬೇರೆ ಸೀಮೆಗಳ ಹಾಗೆ ಇರುತ್ತವೆ.

ಅವತ್ತಿನಿಂದ ನಾನು ದಾರಿ ಹುಡುಕುವ ಕ್ರಮವೇ ಬದಲಾಯಿತು. ಎಷ್ಟು ದೂರ ಅಂತ ನೋಡೋದು ಬಿಟ್ಟೆ, ಎಷ್ಟು ಗೆರೆ ದಾಟುತ್ತದೆ ಅಂತ ನೋಡಲು ಶುರು ಮಾಡಿದೆ. ಹೊಳೆ ಜೊತೆ ಹೋಗುವ ದಾರಿ ಪುಕ್ಕಟೆ, ಹೊಳೆಗೆ ಅಡ್ಡ ಹೋಗುವ ದಾರಿಗೆ ಕಾಲುಗಳು ಬೆಲೆ ತೆರಬೇಕು. ಎರಡನ್ನೂ ಸೇರಿಸಿ ಒಂದು ಸುತ್ತು ಮಾಡಬೇಕು. ಕೊನೆಗೆ ನಾನು ಗೆರೆ ಎಳೆದ ಸುತ್ತು 62 ಕಿ.ಮೀ. ಮೊದಲು ಬಯಲು, ಆಮೇಲೆ ಕಣಿವೆಯೊಳಗೆ ಮೆಲ್ಲಗೆ ಏರು, ನೆತ್ತಿಯಲ್ಲಿ ಬೆಟ್ಟ ದಾಟಿ ಒಣ ಬೆನ್ನಿನ ಕಡೆ ಇಳಿತ, ಅಲ್ಲಿಂದ ಬೆಟ್ಟದ ಬುಡ ಸುತ್ತಿಕೊಂಡು ಮರಗಳ ನೆರಳಿನ ರಸ್ತೆಯಲ್ಲಿ ವಾಪಸ್.

ಮೊದಲ ಸಲ ಹೊರಟಾಗ ಆದದ್ದು ಹೇಳಲೇಬೇಕು. ದಾರಿ ಹಾಕಿಕೊಟ್ಟ ಆ್ಯಪ್ ಒಂದು ಕಡೆ 4 ಕಿ.ಮೀ. ಉಳಿಸುವ ಅಡ್ಡದಾರಿ ತೋರಿಸಿತು. ನಂಬಿದೆ. ಅರ್ಧ ಕಿ.ಮೀ. ಆದ ಮೇಲೆ ಟಾರು ಮುಗಿಯಿತು. ಇನ್ನಷ್ಟು ದೂರಕ್ಕೆ ಜಲ್ಲಿಯೂ ಮುಗಿದು ಟ್ರ್ಯಾಕ್ಟರ್ ಚಕ್ರದ ಎರಡು ಜಾಡುಗಳು, ನಡುವೆ ಹುಲ್ಲು. ನನ್ನದು ಆಗ 23 ಮಿ.ಮೀ. ಟೈರ್, 110 ಪಿಎಸ್‌ಐ ಗಾಳಿ, ಕಲ್ಲಿನ ಥರ ಗಟ್ಟಿ. ಹೊಲದಲ್ಲಿದ್ದ ಅಜ್ಜ ಒಬ್ಬರು ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಎಲ್ಲಿಗಪ್ಪಾ ಈ ಕಡೆ?"

"ಮುಂದೆ ದೊಡ್ಡ ರಸ್ತೆ ಸೇರುತ್ತಲ್ವಾ ಅಜ್ಜಾ?"

"ಸೇರ್ತಿತ್ತು, ಹಳ್ಳದ ಮೋರಿ ಕೊಚ್ಚಿಕೊಂಡು ಹೋಗಿ ಎರಡು ವರ್ಷ ಆಯ್ತು. ನಿನ್ನ ಫೋನಿಗೆ ಗೊತ್ತಿಲ್ವೇನೋ."

ತಿರುಗಿಸಿಕೊಂಡು ಬರುವಾಗ ಹಿಂದಿನ ಚಕ್ರ ಪಂಕ್ಚರ್. ಟ್ಯೂಬ್ ಬದಲಾಯಿಸಿ ಗಾಳಿ ತುಂಬಿದೆ, 2 ಕಿ.ಮೀ.ಗೆ ಮತ್ತೆ ಠುಸ್. ತಪ್ಪು ನನ್ನದೇ. ಟೈರಿನ ಒಳಗೆ ಮುಳ್ಳು ಹಾಗೇ ಇತ್ತು. ಈಗ ಪಂಕ್ಚರ್ ಆದರೆ ಹೊಸ ಟ್ಯೂಬ್ ಹಾಕುವ ಮೊದಲು ಬಟ್ಟೆಯ ತುಂಡೊಂದನ್ನು ಟೈರಿನ ಒಳಗೋಡೆಗೆ ಒತ್ತಿ ಸುತ್ತಲೂ ಒಂದು ಸಲ ಎಳೆಯುತ್ತೇನೆ. ಮುಳ್ಳಿನ ತುದಿ ಎಷ್ಟೇ ಚಿಕ್ಕದಿರಲಿ, ಬಟ್ಟೆಯ ದಾರ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಬೆರಳಲ್ಲಿ ಹುಡುಕಿದರೂ ಸಿಗುತ್ತದೆ, ಆದರೆ ಬೆರಳಿಗೂ ಚುಚ್ಚುತ್ತದೆ. ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರದಲ್ಲಿದೆ ಅಂತ ನೋಡಿಕೊಂಡರೆ ಮುಳ್ಳಿನ ಜಾಗ ಇನ್ನೂ ಬೇಗ ಗೊತ್ತಾಗುತ್ತದೆ. ಅದಕ್ಕೇ ಟೈರಿನ ಮೇಲಿರುವ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸುವ ಅಭ್ಯಾಸ ಮಾಡಿಕೊಂಡಿದ್ದೇನೆ. ಚಂದಕ್ಕಲ್ಲ, ಲೆಕ್ಕಕ್ಕೆ.

ಆ್ಯಪ್‌ಗಳಲ್ಲಿ ಬಹಳಷ್ಟು ಬಳಸುವುದು 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ. ನಮ್ಮಂಥ ಜನರೇ ಸೇರಿ ಮಾಡುತ್ತಿರುವ ನಕ್ಷೆ ಅದು. ರಸ್ತೆಯ ಮೇಲ್ಮೈ ಟಾರೋ ಜಲ್ಲಿಯೋ ಮಣ್ಣೋ ಅಂತ ಬರೆಯಲು ಅದರಲ್ಲಿ ಜಾಗವಿದೆ. ಆದರೆ ಯಾರಾದರೂ ಬರೆದಿದ್ದರೆ ತಾನೇ? ಖಾಲಿ ಬಿಟ್ಟಿರುವ ಸಣ್ಣ ರಸ್ತೆಗಳು ಲೆಕ್ಕವಿಲ್ಲದಷ್ಟು. ಹಾಗಾಗಿ ನಾನು ಗುರುತಿಲ್ಲದ ಪ್ರತಿ ತುಂಡನ್ನೂ ಉಪಗ್ರಹ ಚಿತ್ರದಲ್ಲಿ ಹಿಗ್ಗಿಸಿ ನೋಡುತ್ತೇನೆ. ಟಾರು ಒಂದೇ ಸಮನೆ ಬೂದು ಬಣ್ಣಕ್ಕೆ ಕಾಣುತ್ತದೆ, ಅಂಚು ಚೂಪು. ಮಣ್ಣುದಾರಿಯ ಅಂಚು ಕಲಸಿಹೋಗಿರುತ್ತದೆ, ನಡುವೆ ಹುಲ್ಲಿನ ಗೆರೆ ಕಂಡರಂತೂ ಆ ಕಡೆ ತಲೆ ಹಾಕುವುದಿಲ್ಲ. ಮರಗಳು ಮುಚ್ಚಿ ಏನೂ ಕಾಣದಿದ್ದರೆ ಮೊದಲ ಸಲ ಆ ತುಂಡನ್ನು ಬಿಟ್ಟುಬಿಡುತ್ತೇನೆ.

ಏರಿನ ಲೆಕ್ಕವನ್ನೂ ಕಣ್ಣು ಮುಚ್ಚಿ ನಂಬಬಾರದು ಅಂತ ಗೊತ್ತಾದದ್ದು ಇದೇ ಸುತ್ತಿನಲ್ಲಿ. ಆ್ಯಪ್ 1,140 ಮೀಟರ್ ಏರು ಅಂದಿತ್ತು. ಹ್ಯಾಂಡಲ್ ಮೇಲಿನ ನನ್ನ ಪುಟ್ಟ ಕಂಪ್ಯೂಟರ್ ಗಾಳಿಯ ಒತ್ತಡ ಅಳೆದು ಎತ್ತರ ಹೇಳುತ್ತದೆ, ಅದು ತೋರಿಸಿದ್ದು 820. ವ್ಯತ್ಯಾಸ ಯಾಕೆ? 2000ದ ಫೆಬ್ರವರಿಯಲ್ಲಿ ಎಂಡೆವರ್ ಅನ್ನುವ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಿಂದ ನೆಲದ ಎತ್ತರ ಅಳೆಯಿತು. ಇಂಥ ಲೆಕ್ಕಗಳಲ್ಲಿ ಆ ಮಾಹಿತಿ ಇವತ್ತಿಗೂ ಬಳಕೆಯಲ್ಲಿದೆ. ಅದರಲ್ಲಿ ನೆಲ 30 ಅಥವಾ 90 ಮೀಟರ್ ಅಗಲದ ಚೌಕಗಳಾಗಿ ಸಿಗುತ್ತದೆ. ಕಡಿದಾದ ಬೆಟ್ಟದ ಪಕ್ಕೆಯಲ್ಲಿ ಕೊರೆದ ರಸ್ತೆ ಇದ್ದರೆ ಚೌಕದಲ್ಲಿ ಕಾಣುವುದು ಬೆಟ್ಟದ ಎತ್ತರ, ರಸ್ತೆಯದ್ದಲ್ಲ. ಹಾಗಾಗಿ ಸಮವಾಗಿರುವ ರಸ್ತೆಯೂ ಪರದೆಯ ಮೇಲೆ ಗರಗಸದ ಹಲ್ಲಿನ ಹಾಗೆ ಹತ್ತಿ ಇಳಿಯುತ್ತದೆ. ಸೇತುವೆ ಬಂದರೆ ಕಂದರಕ್ಕೆ ಇಳಿದು ಹತ್ತಿದಂತೆ, ಸುರಂಗ ಬಂದರೆ ಬೆಟ್ಟದ ತಲೆ ಮೇಲೆ ಹೋದಂತೆ. ಒಂದು ಕಡೆ 31% ಏರು ಅಂತ ತೋರಿಸಿ ನನ್ನನ್ನು ಹೆದರಿಸಿದ್ದ ಜಾಗ ನಿಜವಾಗಿ ಒಂದು ಸೇತುವೆ. ಅದನ್ನು ಶಿಳ್ಳೆ ಹಾಕುತ್ತಾ ದಾಟಿದೆ.

ನಿಜವಾದ ಏರಿಗೆ ಮಾತ್ರ ಶಿಳ್ಳೆ ಬರಲಿಲ್ಲ. ನೆತ್ತಿಗೆ ಮೊದಲು 3 ಕಿ.ಮೀ. 8% ಇದೆ, ಅಂದರೆ 100 ಮೀಟರ್ ಹೋದರೆ 8 ಮೀಟರ್ ಮೇಲೆ. ನಾನು, ಸೈಕಲ್, ನೀರು ಎಲ್ಲ ಸೇರಿ 80 ಕಿಲೋ. ಆಗ ನನ್ನ ಅತಿ ಸಣ್ಣ ಗೇರ್ ಮುಂದೆ 39 ಹಲ್ಲು, ಹಿಂದೆ 25. ನಿಮಿಷಕ್ಕೆ 60 ಸಲ ಪೆಡಲ್ ತಿರುಗಿಸಿದರೆ ಅದು ಗಂಟೆಗೆ 12 ಕಿ.ಮೀ. ಹತ್ತಿರ ಬರುತ್ತದೆ. ಆ ವೇಗದಲ್ಲಿ ಆ ಏರಿಗೆ ಕಾಲಿನಿಂದ 200 ವ್ಯಾಟ್‌ಗಿಂತ ಜಾಸ್ತಿ ಶಕ್ತಿ ಬೇಕು. ನನ್ನಿಂದ ಇಡೀ ಹೊತ್ತು ಸಲೀಸಾಗಿ ಆಗೋದು 150. ಉಳಿದ ದಾರಿ ಒಂದೇ, ಪೆಡಲ್ ನಿಧಾನಕ್ಕೆ ತಿರುಗಿಸುತ್ತಾ ಜೋರಾಗಿ ಒತ್ತಬೇಕು. ಒತ್ತಿದೆ. ಮಂಡಿ ಮೂರು ದಿನ ನೋಯಿತು. ಆಮೇಲೆ ಮುಂದೆ 34, ಹಿಂದೆ 32 ಹಲ್ಲು ಹಾಕಿಸಿಕೊಂಡೆ. ಅದೇ 60 ಸುತ್ತಿಗೆ ಈಗ ಗಂಟೆಗೆ 8 ಕಿ.ಮೀ., ಸುಮಾರು 150 ವ್ಯಾಟ್‌ನಲ್ಲಿ ಮುಗಿಯುತ್ತದೆ. ಇಷ್ಟು ಹಗುರದ ಗೇರ್ ಹಾಕಿಕೊಂಡರೆ ಅವಮಾನ ಅಂತ ಗೊಣಗುವವರು ಇನ್ನೂ ಇದ್ದಾರೆ. ಟೂರ್ ಡಿ ಫ್ರಾನ್ಸ್‌ನಲ್ಲೂ ರೇಸ್ ಓಡುವವರಿಗೆ ಡಿರೇಲರ್ ಗೇರ್, ಅಂದರೆ ತುಳಿಯುತ್ತಲೇ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರ್, ಬಳಸಲು ಬಿಟ್ಟಿದ್ದು 1937ರಲ್ಲಿ. ಅಲ್ಲಿಯವರೆಗೆ ಏರು ಬಂದರೆ ಇಳಿದು, ಆಚೆ ಬದಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹಾಕಲು ಹಿಂದಿನ ಚಕ್ರವನ್ನೇ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಗೊಣಗುವವರು ಬೇಕಾದರೆ ಹಾಗೇ ಮಾಡಲಿ.

ಸಮಯದ ಅಂದಾಜಿಗೆ ನನ್ನ ಲೆಕ್ಕ ಸರಳ. ಸಮತಟ್ಟಿನಲ್ಲಿ ಎಷ್ಟು ಹೊತ್ತಾಗುತ್ತದೋ ಅದಕ್ಕೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಸೇರಿಸುತ್ತೇನೆ. 80 ಕಿಲೋವನ್ನು 100 ಮೀಟರ್ ಎತ್ತಲು 150 ವ್ಯಾಟ್‌ನಲ್ಲಿ 9 ನಿಮಿಷ ಹಿಡಿಯುತ್ತದೆ, ಒಂದು ನಿಮಿಷ ನೀರು ಕುಡಿಯೋಕೆ. ಇಳಿತದಲ್ಲಿ ಆ ಸಮಯ ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ. ತಿರುವುಗಳಿರುವ ರಸ್ತೆಯಲ್ಲಿ ಅರ್ಧವೂ ಬರುವುದಿಲ್ಲ.

ಸುತ್ತು ಯಾವ ದಿಕ್ಕಿಗೆ, ಎಷ್ಟು ಹೊತ್ತಿಗೆ ಅನ್ನೋದು ದಾರಿಯಷ್ಟೇ ಮುಖ್ಯ. ಇದನ್ನು ಕಲಿಯೋಕೆ ನನಗೆ ನಾಲ್ಕೈದು ಸುತ್ತು ಬೇಕಾಯಿತು. ಬಿಸಿಲೇರಿದಂತೆ ಬಯಲಿನಲ್ಲಿ ಗಾಳಿ ಜೋರಾಗುತ್ತದೆ, ಹಾಗಾಗಿ ಬಯಲನ್ನು ಬೆಳಿಗ್ಗೆಯೇ ಮುಗಿಸಿಬಿಡಬೇಕು. ಕಣಿವೆಯಲ್ಲಿ ಉಲ್ಟಾ. ಹಗಲು ಬೆಟ್ಟದ ಪಕ್ಕೆ ಕಾದು ಗಾಳಿ ಕಣಿವೆಯ ಮೇಲ್ಮುಖಕ್ಕೆ ಬೀಸುತ್ತದೆ, ರಾತ್ರಿ ಕೆಳಮುಖಕ್ಕೆ. ಬೆಳಗಿನ ಜಾವವೇ ಕಣಿವೆ ಹತ್ತಲು ಹೋದವನಿಗೆ ಮುಖಕ್ಕೆ ತಣ್ಣನೆ ಎದುರುಗಾಳಿ, ಹತ್ತು ಗಂಟೆ ಮೇಲೆ ಹೋದವನಿಗೆ ಬೆನ್ನಿಗೆ ಕೈ ಕೊಟ್ಟ ಹಾಗೆ. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಹತ್ತು ಗಂಟೆಯೇ ಸರಿ.

ಎದುರುಗಾಳಿಗೆ ಹೋಗಿ ಹಿಂಗಾಳಿಯಲ್ಲಿ ಬಂದರೆ ಸಮ ಆಗುತ್ತೆ ಅನ್ನೋದೂ ಸುಳ್ಳು. 30 ಕಿ.ಮೀ. ಗಂಟೆಗೆ 20ರಂತೆ ಹೋಗಿ, ಅದೇ 30 ಕಿ.ಮೀ. 30ರಂತೆ ಬಂದರೆ ಎರಡೂವರೆ ಗಂಟೆ. ಸರಾಸರಿ 25 ಅಲ್ಲ, 24. ಒದ್ದಾಡುವ ಹೊತ್ತೇ ಜಾಸ್ತಿ ಇರುತ್ತದೆ, ಅದಕ್ಕೇ. ಹಾಗಂತ ಸುತ್ತು ಹಾಕುವವನಿಗೆ ಒಂದು ಅನುಕೂಲ ಇದೆ, ಎದುರುಗಾಳಿಯ ತುಂಡನ್ನು ಮರಗಳಿರುವ ರಸ್ತೆಗೆ ತಳ್ಳಬಹುದು.

ಸೂರ್ಯನ ವಿಷಯ ಒಂದು ಇದೆ, ಇದನ್ನು ಮಾತ್ರ ಯಾರಿಗಾದರೂ ಹೇಳದೆ ಬಿಡುವುದಿಲ್ಲ. ಸೂರ್ಯ ಕೆಳಗಿರುವಾಗ ಅವನಿಗೆ ಎದುರಾಗಿ ಸೈಕಲ್ ತುಳಿಯಬೇಡಿ. ನಿಮ್ಮ ಕಣ್ಣಿಗೆ ಬಿಸಿಲು ಅನ್ನೋದು ಸಣ್ಣ ಮಾತು. ಹಿಂದಿನಿಂದ ಬರುವ ಡ್ರೈವರ್ ಕಣ್ಣಿಗೂ ಅದೇ ಬಿಸಿಲು ಬೀಳುತ್ತಿರುತ್ತದೆ, ಅವನಿಗೆ ನೀವು ಕಾಣುವುದೇ ಇಲ್ಲ. ಒಂದು ಸಂಜೆ ಲಾರಿ ನನ್ನ ಮೊಣಕೈಗೆ ಗಾಳಿ ತಾಗುವಷ್ಟು ಹತ್ತಿರ ಹೋದ ಮೇಲೆ ನನಗಿದು ಹೊಳೆದದ್ದು. ಈಗ ಬೆಳಿಗ್ಗೆ ಪಶ್ಚಿಮಕ್ಕೆ ಹೊರಡುತ್ತೇನೆ, ಸಂಜೆ ತಡವಾದರೂ ವಾಪಸ್ ಬರುವುದು ಪೂರ್ವಕ್ಕೆ. ಎರಡೂ ಹೊತ್ತು ಸೂರ್ಯ ಬೆನ್ನಿಗೆ.

ಇಳಿತಕ್ಕೆ ಮೊದಲು ನೆತ್ತಿಯಲ್ಲಿ ನಿಂತು ತೆಳು ಜಾಕೆಟ್ ಹಾಕಿಕೊಳ್ಳಿ, ಬೆವರು ಒದ್ದೆ ಇರುವಾಗ ಗಾಳಿಗೆ ಮೈ ಒಡ್ಡಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕೇ ಕಷ್ಟ. ಬ್ರೇಕ್ ತಿರುವಿಗೆ ಮೊದಲೇ ಮುಗಿಯಬೇಕು, ತಿರುವಿನೊಳಗಲ್ಲ. ಬಿಸಿಲಿಂದ ಮರದ ನೆರಳಿಗೆ ನುಗ್ಗುವಾಗ ಒಂದೆರಡು ಕ್ಷಣ ರಸ್ತೆ ಕಾಣುವುದಿಲ್ಲ, ಒದ್ದೆ ಎಲೆಗಳು ಬಿದ್ದಿರುವುದೂ ಅಲ್ಲೇ. ಈಗ ನನ್ನದು 30 ಮಿ.ಮೀ. ಟೈರ್, 65 ಪಿಎಸ್‌ಐ. ಸಣ್ಣ ಜಲ್ಲಿ ಬಂದರೆ ಎದೆ ಢವಢವ ಅನ್ನುವುದಿಲ್ಲ.

ಈ ಸುತ್ತನ್ನು ಒಂಬತ್ತು ಸಲ ಹಾಕಿದ್ದೆ. ಹೋದ ತಿಂಗಳು ಹಟಕ್ಕೆ ಬಿದ್ದು ಉಲ್ಟಾ ಹೊರಟೆ. ಮೇಲೆ ಬರೆದದ್ದೆಲ್ಲ ತಲೆಕೆಳಗು, ಬಯಲಿಗೆ ಬರುವ ಹೊತ್ತಿಗೆ ಎದುರುಗಾಳಿ ಹೊಡೆಯುತ್ತದೆ ಅಂತ ಗೊತ್ತಿದ್ದೇ ಹೊರಟದ್ದು. ಹೊಡೆಯಿತು ಕೂಡ. ಆದರೆ ಒಣ ಬೆನ್ನಿನ ಏರಿನಲ್ಲಿ, ಗಂಟೆಗೆ 8 ಕಿ.ಮೀ.ನಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಿದ್ದಾಗ, ಮೂರನೇ ತಿರುವಿನ ಒಳಮೂಲೆಯಲ್ಲಿ ಒಂದು ಮರ ಕಂಡಿತು. ಅದರ ಬುಡಕ್ಕೆ ಯಾರೋ ಯಾವಾಗಲೋ ಕಟ್ಟಿದ ಕಲ್ಲಿನ ಕಟ್ಟೆ, ಕೂತವರ ಬೆನ್ನು ಒರಗಿ ಒರಗಿ ಕಾಂಡದ ತೊಗಟೆ ಒಂದು ಕಡೆ ನಯವಾಗಿತ್ತು. ಒಂಬತ್ತು ಸಲ ಇದರ ಪಕ್ಕದಲ್ಲೇ 45ರ ವೇಗದಲ್ಲಿ ಕಣ್ಣು ರಸ್ತೆಗೆ ನೆಟ್ಟು ಇಳಿದು ಹೋಗಿದ್ದೆ. ಸೈಕಲ್ ಕಟ್ಟೆಗೆ ಒರಗಿಸಿ ಕೂತೆ. ನಾನು ಹತ್ತಿ ಬಂದ ರಸ್ತೆ ಕೆಳಗೆ ಪೂರ್ತಿ ಕಾಣುತ್ತಿತ್ತು.