ಇಳಿಜಾರು ಹಿತ್ತಲಿಗೆ ಲಾನ್ ಮೋವರ್: ಅಂಗಡಿಗೆ ಹೋಗುವ ಮುಂಚೆ ನೆಲ ಅಳೆಯಿರಿ

ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಏರು ಇಳಿಜಾರು ಎಷ್ಟು ಅಂತ ಅಲ್ಲಿ ಓಡಾಡಿದವರಿಗೆ ಗೊತ್ತು. ನಮ್ಮ ಹಿತ್ತಲೂ ಹಾಗೇ. ಅಗಲ 30 ಅಡಿ, ಉದ್ದ 20 ಅಡಿ. ಅಡುಗೆಮನೆ ಬಾಗಿಲಿನಿಂದ ಹಿಂದಿನ ಕಾಂಪೌಂಡ್ ತಲುಪುವಷ್ಟರಲ್ಲಿ ನೆಲ ನಾಲ್ಕು ಅಡಿ ಇಳಿದಿರುತ್ತದೆ.

ಹೋದ ವರ್ಷ ಜುಲೈನಲ್ಲಿ ಮೈದುನ ಹುಲ್ಲು ಕತ್ತರಿಸುವ ತನ್ನ ಪೆಟ್ರೋಲ್ ಮಷಿನ್ ತಂದುಕೊಟ್ಟ. ಸುಮಾರು 30 ಕೆ.ಜಿ. ಭಾರ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಕೆಳಮುಖವಾಗಿ ತಳ್ಳುತ್ತಿದ್ದಾಗ ಅದು ನನ್ನ ಕೈಮೀರಿ ಜಾರಿ ಕಾಂಪೌಂಡಿಗೆ ಬಡಿಯಿತು. ಹಿಡಿ ಬಿಟ್ಟ ಕೂಡಲೇ ಬ್ಲೇಡ್ ನಿಲ್ಲುವ ಮಷಿನ್ ಆಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೂ ಎದೆ ಹೊಡೆದುಕೊಳ್ಳುವುದು ನಿಲ್ಲಲು ತುಂಬ ಹೊತ್ತು ಬೇಕಾಯಿತು. ಆಮೇಲೆ ನಮಗೇ ಒಂದು ಕೊಳ್ಳೋಣ ಅಂದುಕೊಂಡಾಗ ಮೊದಲು ನೋಡಿದ್ದು ಬೆಲೆಯನ್ನಲ್ಲ, ನೆಲವನ್ನು.

ಅಳೆಯುವುದು ಸುಲಭ. ಒಂದು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು ಮೇಲಿನ ನೆಲಕ್ಕೆ ತಾಗಿಸಿ. ಹಲಗೆ ಮೇಲೆ ಗಾರೆಯವರ ರಸಮಟ್ಟ ಇಟ್ಟು ಸಮ ಮಾಡಿಕೊಳ್ಳಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಇದೆ ಅಂತ ಟೇಪಿನಲ್ಲಿ ನೋಡಿ. 27 ಸೆಂ.ಮೀ. ಬಂದರೆ ಅದು 15 ಡಿಗ್ರಿ. ಅದಕ್ಕಿಂತ ಕಡಿದಾದ ಕಡೆ ಮಷಿನ್ ಓಡಿಸಬೇಡಿ ಅಂತ ಸಾಮಾನ್ಯವಾಗಿ ಮಷಿನ್ ಜೊತೆ ಬರುವ ಪುಸ್ತಕದಲ್ಲೇ ಬರೆದಿರುತ್ತಾರೆ. ನಮ್ಮಲ್ಲಿ ಹೆಚ್ಚಿನ ಜಾಗ 16 ಸೆಂ.ಮೀ. ಬಂತು. ಕಾಂಪೌಂಡ್ ಪಕ್ಕದ ನಾಲ್ಕು ಅಡಿ ಮಾತ್ರ 35. ಆ ಪಟ್ಟಿಯನ್ನು ಅವತ್ತೇ ಲೆಕ್ಕದಿಂದ ಬಿಟ್ಟೆ.

ಇನ್ನು ಯಾವ ಮಷಿನ್ ಅನ್ನುವುದು. ಕೈಯಲ್ಲಿ ತಳ್ಳುವ, ಕರೆಂಟ್ ಬೇಡದ ಮಷಿನ್ ಎಲ್ಲಕ್ಕಿಂತ ಅಗ್ಗ. ಆದರೆ ಅದರಲ್ಲಿ ಬ್ಲೇಡ್ ತಿರುಗಿಸುವುದೇ ಚಕ್ರ. ಇಳಿಜಾರಿನಲ್ಲಿ ಚಕ್ರ ಜಾರಿದರೆ ಬ್ಲೇಡೂ ನಿಲ್ಲುತ್ತದೆ. ಒಂದು ವಾರ ತಪ್ಪಿ ಗರಿಕೆ ಎತ್ತರವಾದರೆ ಅದು ಮಲಗಿಸುತ್ತದೆ, ಕತ್ತರಿಸುವುದಿಲ್ಲ. ಪೆಟ್ರೋಲಿನದು ಭಾರ. ಅದಲ್ಲದೆ ಈ ಸಣ್ಣ ಇಂಜಿನ್‌ಗಳಲ್ಲಿ ಆಯಿಲ್ ತಳದಲ್ಲಿ ನಿಂತಿದ್ದು, ಓಡುವಾಗ ಚಿಮ್ಮಿ ಒಳಗೆಲ್ಲ ತಗಲಬೇಕು. ಜಾಸ್ತಿ ವಾಲಿದರೆ ಆಯಿಲ್ ಒಂದು ಬದಿಗೆ ಸೇರಿಕೊಂಡು ಇಂಜಿನ್ ಸವೆಯುತ್ತದೆ. ಬ್ಯಾಟರಿಯದು ಚೆನ್ನ, ವೈರಿನ ಕಾಟ ಇಲ್ಲ. ಆದರೆ ಮುಂದೆ ಬ್ಯಾಟರಿ ಬದಲಿಸುವ ಖರ್ಚನ್ನೂ ಇವತ್ತೇ ಲೆಕ್ಕ ಹಾಕಬೇಕಲ್ವಾ? ಇಷ್ಟು ಸಣ್ಣ ಹಿತ್ತಲಿಗೆ ನಾನು ವೈರ್ ಇರುವ ಎಲೆಕ್ಟ್ರಿಕ್ ಮಷಿನ್ ಆರಿಸಿದೆ. 12 ಕೆ.ಜಿ., 32 ಸೆಂ.ಮೀ. ಅಗಲ ಕತ್ತರಿಸುತ್ತದೆ.

ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ ನಾನು ಮೊದಲು ಮಾಡಿದ್ದು ಅದನ್ನು ಎತ್ತಿ ನೋಡಿದ್ದು. ನೀವೂ ಎತ್ತಿ ನೋಡಿ. ಎಷ್ಟು ವ್ಯಾಟ್ ಅಂತ ಅಂಗಡಿಯವರು ಹೇಳುತ್ತಲೇ ಇರುತ್ತಾರೆ, ಇಳಿಜಾರಿನಲ್ಲಿ ನಿಮ್ಮನ್ನು ಕಾಯುವುದು ಹಗುರ ಮೈ. ಹಿಂದಿನ ಚಕ್ರ ದೊಡ್ಡದಿರಲಿ, ಅದರ ಮೇಲೆ ಆಳವಾದ ಗೆರೆ ಇರಲಿ. ಹಿಡಿ ಬಿಟ್ಟರೆ ಬ್ಲೇಡ್ ನಿಲ್ಲುತ್ತದಾ ಅಂತ ಅಲ್ಲೇ ಓಡಿಸಿ ತೋರಿಸಲು ಹೇಳಿ. ಬೇರೆ ಬ್ಲೇಡ್ ಸಿಗುತ್ತದಾ, ರಿಪೇರಿ ಊರಲ್ಲೇ ಆಗುತ್ತದಾ ಕೇಳಿ. ಹುಲ್ಲು ತುಂಬುವ ಬುಟ್ಟಿ ತುಂಬ ದೊಡ್ಡದು ಬೇಡ. ತುಂಬಿದ ಬುಟ್ಟಿ ಮಷಿನ್ನನ್ನು ಹಿಂದಕ್ಕೆ ಎಳೆಯುತ್ತದೆ.

ವೈರಿನ ವಿಷಯದಲ್ಲಿ ದುಡ್ಡು ಉಳಿಸಬೇಡಿ, ದಯವಿಟ್ಟು. ದಪ್ಪ ತಾಮ್ರದ, ಹೊರಗೆ ಬಳಸುವ ಎಕ್ಸ್‌ಟೆನ್ಶನ್ ಬೇಕು. ಆ ಸಾಕೆಟ್ಟಿಗೆ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ., ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್, ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ನಮ್ಮಲ್ಲಿ ಇರಲಿಲ್ಲ, ಮಷಿನ್ ಮನೆಗೆ ಬರುವ ಮುಂಚೆ ಹಾಕಿಸಿದೆ.

ಓಡಿಸುವಾಗ ಇಳಿಜಾರಿಗೆ ಅಡ್ಡಡ್ಡವಾಗಿ ನಡೆಯಿರಿ, ಮೇಲೆ ಕೆಳಗೆ ಬೇಡ. ಅಡ್ಡ ನಡೆದರೆ, ಜಾರಿದರೂ ಮಷಿನ್ ನಿಮ್ಮ ಕಾಲಿನ ಮೇಲೆ ಬರುವುದಿಲ್ಲ, ನೀವೂ ಅದರ ಮೇಲೆ ಬೀಳುವುದಿಲ್ಲ. ಸಾಕೆಟ್ ಹತ್ತಿರದಿಂದ ಶುರು ಮಾಡಿ ದೂರ ಹೋಗುತ್ತಾ ಇದ್ದರೆ ವೈರ್ ಯಾವಾಗಲೂ ಕತ್ತರಿಸಿದ ಕಡೆಗೇ ಉಳಿಯುತ್ತದೆ. ಚಪ್ಪಲಿ ಬೇಡ, ಶೂ ಹಾಕಿ. ಹುಲ್ಲು ಒದ್ದೆ ಇದ್ದರೆ ಅವತ್ತು ಬಿಟ್ಟುಬಿಡಿ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗ ತೆಗೆದರೆ ಸಾಕು. ನಾನು ನಾಲ್ಕೈದು ಸೆಂ.ಮೀ. ಉಳಿಸುತ್ತೇನೆ. ತೀರಾ ಬೋಳಿಸಿದರೆ ಜೋರು ಮಳೆಗೆ ನಮ್ಮ ಕೆಂಪು ಮಣ್ಣು ಕೊಚ್ಚಿಕೊಂಡು ಕಾಂಪೌಂಡ್ ಬುಡಕ್ಕೆ ಹೋಗಿ ಕೂರುತ್ತದೆ.

ಬಿಟ್ಟಿದ್ದ ಆ ನಾಲ್ಕು ಅಡಿ ಪಟ್ಟಿಗೆ ಲಾವಂಚ ನೆಟ್ಟಿದ್ದೇನೆ. ಅದರ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಎತ್ತರ ಜಾಸ್ತಿಯಾದಾಗ ಕುಡುಗೋಲಿನಲ್ಲಿ ಸವರುತ್ತೇನೆ.