ಕೀಮೋ ನಡೆಯುತ್ತಿರುವಾಗ ಕೋವಿಡ್ ಬಂದರೆ: ಮೊದಲ ಗಂಟೆಯಿಂದ ಏನೇನು ಮಾಡಬೇಕು

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಮೈ ಬಿಸಿಯಾದ ಕೂಡಲೇ ಮನೆಯವರು ಸಾಮಾನ್ಯವಾಗಿ ಒಂದು ಪ್ಯಾರಾಸಿಟಮಾಲ್ ನುಂಗಿಸಿ, ಹೊದಿಕೆ ಹೊದಿಸಿ ಮಲಗಿಸಿಬಿಡುತ್ತಾರೆ. ಬೇರೆಯವರ ವಿಷಯದಲ್ಲಿ ಅದು ನಡೆಯುತ್ತದೆ. ಇವರ ವಿಷಯದಲ್ಲಿ ಮಾತ್ರೆಗಿಂತ ಮೊದಲು ಆಗಬೇಕಾದ ಕೆಲಸ ಎರಡು: ಥರ್ಮಾಮೀಟರ್ ಇಟ್ಟು ಜ್ವರ ನೋಡುವುದು, ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಗೆ ಫೋನ್ ಮಾಡುವುದು. ಈ ಲೇಖನದಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದಿತು. ಹೆಚ್ಚಿನವರಿಗೆ ಈಗದು ಬಂದು ಹೋಗುವ ನೆಗಡಿ-ಕೆಮ್ಮು. ಆದರೆ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅದು ಇನ್ನೂ ಅಷ್ಟು ಹಗುರವಾದ ಕಾಯಿಲೆಯಾಗಿಲ್ಲ. ಸುತ್ತಲಿನವರು ನಿಶ್ಚಿಂತೆಯಿಂದ ಇದ್ದಾರೆ ಅನ್ನುವ ಕಾರಣಕ್ಕೆ ಇಂಥವರ ಎಚ್ಚರಿಕೆಯನ್ನು ಅತಿಯೆಂದು ತಳ್ಳಿಹಾಕುವುದು ಅನ್ಯಾಯ.

ಯಾರಿಗೆ ಅಪಾಯ ಜಾಸ್ತಿ?

ಕ್ಯಾನ್ಸರ್ ಇರುವವರಿಗೆಲ್ಲ ಒಂದೇ ಮಟ್ಟದ ಅಪಾಯವಿಲ್ಲ. ಹೆಚ್ಚು ಜೋಪಾನವಾಗಿರಬೇಕಾದವರು ಲ್ಯುಕೀಮಿಯಾ, ಲಿಂಫೋಮಾ, ಮೈಲೋಮಾದಂತಹ ರಕ್ತದ ಕ್ಯಾನ್ಸರ್ ಇರುವವರು, ಅಸ್ಥಿಮಜ್ಜೆ ಕಸಿ ಅಥವಾ ಕಾರ್-ಟಿ (ರೋಗನಿರೋಧಕ ಕಣಗಳನ್ನು ಹೊರತೆಗೆದು, ಮಾರ್ಪಡಿಸಿ ಮರಳಿ ಕೊಡುವ) ಚಿಕಿತ್ಸೆ ಪಡೆದವರು, ಶ್ವಾಸಕೋಶದ ಕ್ಯಾನ್ಸರ್ ಇರುವವರು. ಕೆಲವು ಲಿಂಫೋಮಾಗಳಿಗೆ ಕೊಡುವ ರಿಟುಕ್ಸಿಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುವವರ ಸಂಗತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಪ್ರತಿಕಾಯಗಳನ್ನು ತಯಾರಿಸುವ ಕಣಗಳು ಹುಟ್ಟುವುದು ಬಿ ಜೀವಕೋಶಗಳಿಂದ. ಆ ಔಷಧಿ ಅವುಗಳನ್ನೇ ಅಳಿಸುತ್ತದೆ. ಹಾಗಾಗಿ ಕೊನೆಯ ಡೋಸ್ ಆಗಿ ತಿಂಗಳುಗಳು ಕಳೆದರೂ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಸೋಂಕು ಬಂದರೆ ಬೇಗ ಬಿಡುವುದೂ ಇಲ್ಲ.

ಹತ್ತು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಆರೋಗ್ಯವಾಗಿರುವವರು ಇವರ ಸಾಲಿಗೆ ಸೇರುವುದಿಲ್ಲ. ಅವರ ಮಟ್ಟಿಗೆ ವಯಸ್ಸು, ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳೇ ದೊಡ್ಡ ವಿಷಯ.

ಇವತ್ತೇ ಮಾಡಿಡಿ: ಒಂದು ಹಾಳೆ

ಜ್ವರ ಬಂದ ರಾತ್ರಿ ಫೈಲಿನ ಕಟ್ಟು ಬಿಚ್ಚಿ ಹುಡುಕುವಷ್ಟು ಸಮಯವಿರುವುದಿಲ್ಲ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಮನೆಯ ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಕ್ಯಾನ್ಸರ್ ಯಾವುದು, ಕೊಡುತ್ತಿರುವ ಔಷಧಿಗಳ ಹೆಸರೇನು, ಕಳೆದ ಕೀಮೋ ಯಾವ ತಾರೀಖಿನಂದು ಆಯಿತು, ಕಳೆದ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ಅಂಕಿ) ಎಷ್ಟಿದ್ದವು, ಬಿಪಿ-ಶುಗರ್-ಕೊಲೆಸ್ಟರಾಲ್‌ಗೆ ನುಂಗುವ ಮಾತ್ರೆಗಳು ಯಾವುವು, ಯಾವ ಔಷಧಿ ಮೈಗೆ ಒಗ್ಗುವುದಿಲ್ಲ, ಔಷಧಿ ಕೊಡಲು ಎದೆಯ ಚರ್ಮದಡಿ ಇಟ್ಟ ಪೋರ್ಟ್ ಇದೆಯೇ. ಮನೆಯಲ್ಲಿ ಕುಡಿಯುವ ಕಷಾಯ, ನಾಟಿ ಔಷಧಿ ಏನಿದ್ದರೂ ಸಂಕೋಚಪಡದೆ ಬರೆಯಿರಿ. ಜೊತೆಗೆ ರಾತ್ರಿ ಹೊತ್ತು, ಭಾನುವಾರ ಯಾವ ನಂಬರಿಗೆ ಫೋನ್ ಮಾಡಬೇಕೆಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಹಗಲಿನ ಒಪಿಡಿ ನಂಬರು ರಾತ್ರಿ ಎರಡು ಗಂಟೆಗೆ ಉಪಯೋಗಕ್ಕೆ ಬರುವುದಿಲ್ಲ.

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್, ಪಲ್ಸ್ ಆಕ್ಸಿಮೀಟರ್, ಒಂದೆರಡು ರ‍್ಯಾಪಿಡ್ ಟೆಸ್ಟ್ ಕಿಟ್ ಇರಲಿ. ಕಿಟ್‌ನ ಅವಧಿ ಮುಗಿದಿದೆಯೇ ಎಂದು ಆಗಾಗ ನೋಡಿ.

ಜ್ವರ ಬಂದಾಗ

ಬಾಯಲ್ಲಿ ಇಟ್ಟು ನೋಡಿದ ಜ್ವರ ಒಂದೇ ಸಲಕ್ಕೆ 38.3 ಡಿಗ್ರಿ ಸೆಲ್ಸಿಯಸ್, ಅಂದರೆ 101 ಫ್ಯಾರನ್‌ಹೀಟ್ ದಾಟಿದರೆ, ಅಥವಾ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಆಗಿ ಒಂದು ಗಂಟೆಯಾದರೂ ಇಳಿಯದಿದ್ದರೆ ಅದು ತುರ್ತು. ಕೆಲವು ಆಸ್ಪತ್ರೆಗಳು ಇದಕ್ಕಿಂತ ಕಡಿಮೆ ಅಂಕಿಯನ್ನೇ ಗಡಿಯಾಗಿ ಹೇಳಿರುತ್ತವೆ. ನಿಮ್ಮ ಆಸ್ಪತ್ರೆ ಹೇಳಿದ್ದೇ ನಿಮಗೆ ಲೆಕ್ಕ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬಾರದು. ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಕಡಿಮೆ ಇರುವಾಗ ಅಲ್ಲಿ ಸಣ್ಣ ಗಾಯವಾದರೂ ಸೋಂಕಿಗೆ ದಾರಿಯಾಗುತ್ತದೆ.

ಇಷ್ಟು ಗಡಿಬಿಡಿ ಯಾಕೆ? ಅನೇಕ ಕೀಮೋ ಔಷಧಿಗಳಲ್ಲಿ, ಕೊಟ್ಟ ಏಳರಿಂದ ಹದಿನಾಲ್ಕು ದಿನದ ನಡುವೆ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ಆಗ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಹೋಗಬೇಕು ಅನ್ನುವುದು ವೈದ್ಯರು ಪಾಲಿಸುವ ಕ್ರಮ. ಕೋವಿಡ್ ಕಾಲದಲ್ಲಿ ಜನ ಎಡವುವುದೂ ಇಲ್ಲಿಯೇ. ಕಿಟ್‌ನಲ್ಲಿ ಎರಡು ಗೆರೆ ಮೂಡಿದ ಕೂಡಲೇ ‘ಓ, ಕೋವಿಡ್ ಜ್ವರ’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಕೋವಿಡ್ ಪಾಸಿಟಿವ್ ಬಂದಿತೆಂದರೆ ರಕ್ತದಲ್ಲಿ ಬೇರೆ ಸೋಂಕಿಲ್ಲ ಎಂದು ಅರ್ಥವಲ್ಲ. ಎರಡೂ ಒಟ್ಟಿಗೇ ಇರಬಹುದು. ಟೆಸ್ಟ್ ಏನೇ ಹೇಳಲಿ, ರಕ್ತ ಪರೀಕ್ಷೆ ಆಗಲೇಬೇಕು.

ಪ್ಯಾರಾಸಿಟಮಾಲ್ ಜ್ವರವನ್ನು ಇಳಿಸಿ ಸುಳಿವನ್ನೇ ಮುಚ್ಚಿಬಿಡುತ್ತದೆ, ಅದಕ್ಕೇ ಮೊದಲು ಅಳತೆ. ಐಬುಪ್ರೊಫೆನ್, ಆಸ್ಪಿರಿನ್ ಥರದ ನೋವಿನ ಮಾತ್ರೆಗಳನ್ನು ಕೇಳದೆ ಕೊಡಬೇಡಿ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ರಕ್ತಸ್ರಾವವಾದೀತು. ಇನ್ನೊಂದು ಮಾತು: ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಸೋಂಕಿದ್ದರೂ ಜ್ವರವೇ ಕಾಣದಿರಬಹುದು. ಚಳಿ-ನಡುಕ, ವಿಪರೀತ ಸುಸ್ತು, ಮಾತು ತೊದಲುವುದು ಕಂಡರೆ ಥರ್ಮಾಮೀಟರಿನ ಅಂಕಿಗೆ ಕಾಯಬೇಡಿ.

ಫೋನಿನಲ್ಲಿ ಏನು ಹೇಳಬೇಕು

ಗಾಬರಿಯಲ್ಲಿ ಮಾತು ಎಲ್ಲೆಲ್ಲೋ ಹೋಗುತ್ತದೆ. ಹಾಳೆ ಎದುರಿಗಿಟ್ಟುಕೊಂಡು ಈ ಧಾಟಿಯಲ್ಲಿ ಹೇಳಿ: “ಸಿಸ್ಟರ್, ನಮ್ಮ ತಾಯಿಗೆ ಲಿಂಫೋಮಾ. ಮೂರನೇ ಸೈಕಲ್ ಕೀಮೋ ಆಗಿ ಇವತ್ತಿಗೆ ಒಂಬತ್ತು ದಿನ. ಅರ್ಧ ಗಂಟೆ ಹಿಂದೆ ಜ್ವರ 101.2 ಇತ್ತು, ಇನ್ನೂ ಮಾತ್ರೆ ಕೊಟ್ಟಿಲ್ಲ. ಗಂಟಲು ನೋವು ನಿನ್ನೆಯಿಂದ. ಮನೆಯಲ್ಲಿ ಕೋವಿಡ್ ಟೆಸ್ಟ್ ಪಾಸಿಟಿವ್ ಬಂದಿದೆ. ಆಕ್ಸಿಜನ್ 96. ಈಗಲೇ ಹೊರಟು ಬರುತ್ತಿದ್ದೇವೆ, ಎಲ್ಲಿಗೆ ಬರಬೇಕು?” ಕೊನೆಯ ಪ್ರಶ್ನೆ ಮುಖ್ಯ. ಕೌಂಟ್ ಕಡಿಮೆ ಇರುವ ಇತರ ರೋಗಿಗಳು ಕೂತಿರುವ ವಾರ್ಡಿಗೆ ಪಾಸಿಟಿವ್ ಇರುವವರನ್ನು ನೇರ ಕರೆದೊಯ್ಯುವಂತಿಲ್ಲ. ಮೊದಲೇ ತಿಳಿಸಿದರೆ ಅವರು ಬೇರೆ ಬಾಗಿಲು, ಬೇರೆ ಕೋಣೆ ಸಿದ್ಧ ಮಾಡುತ್ತಾರೆ.

ರೋಗಲಕ್ಷಣವಿದ್ದೂ ರ‍್ಯಾಪಿಡ್ ಟೆಸ್ಟ್ ನೆಗೆಟಿವ್ ಬಂದರೆ ಅಲ್ಲಿಗೇ ಬಿಡಬೇಡಿ. ಆರ್‌ಟಿ-ಪಿಸಿಆರ್ ಮಾಡಿಸಿ, ಅದು ಸಾಧ್ಯವಿಲ್ಲದಿದ್ದರೆ 48 ಗಂಟೆ ಬಿಟ್ಟು ಮತ್ತೊಮ್ಮೆ ಕಿಟ್‌ನಲ್ಲಿ ನೋಡಿ.

ವೈರಸ್ ಔಷಧಿಗೆ ದಿನ ಎಣಿಕೆ ಇದೆ

ನಿರ್ಮಾಟ್ರೆಲ್ವಿರ್ ಮತ್ತು ರಿಟೋನಾವಿರ್ ಸೇರಿದ ಪ್ಯಾಕ್ಸ್‌ಲೋವಿಡ್ ಮಾತ್ರೆಯನ್ನು ಲಕ್ಷಣ ಶುರುವಾದ ಐದು ದಿನದೊಳಗೆ ಆರಂಭಿಸಬೇಕು. ಆಸ್ಪತ್ರೆಗೆ ದಾಖಲಾಗುವಷ್ಟು ಕಾಯಿಲೆ ಇಲ್ಲದವರಿಗೆ ರೆಮ್‌ಡೆಸಿವಿರ್ ಕೊಡುವುದಾದರೆ ಏಳು ದಿನದೊಳಗೆ, ಮೂರು ದಿನ ಸತತವಾಗಿ, ರಕ್ತನಾಳದ ಮೂಲಕ. ‘ನಾಳೆ ನೋಡೋಣ, ನಾಡಿದ್ದು ನೋಡೋಣ’ ಅನ್ನುತ್ತ ಈ ಅವಕಾಶ ಕಳೆದುಕೊಳ್ಳುವುದು ಬೇಡ. ಲಕ್ಷಣ ಹಗುರವಾಗಿದ್ದರೂ ಮೊದಲ ದಿನವೇ ಕೇಳಿ.

ಆದರೆ ಪ್ಯಾಕ್ಸ್‌ಲೋವಿಡ್ ಸ್ವಂತ ನಿರ್ಧಾರದಿಂದ ನುಂಗುವ ಮಾತ್ರೆಯಲ್ಲ. ಅದರಲ್ಲಿರುವ ರಿಟೋನಾವಿರ್, ಅನೇಕ ಔಷಧಿಗಳನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವವೊಂದನ್ನು ತಡೆಯುತ್ತದೆ. ಪರಿಣಾಮವಾಗಿ ವೆನೆಟೋಕ್ಲ್ಯಾಕ್ಸ್, ಇಬ್ರುಟಿನಿಬ್‌ನಂತಹ ಕ್ಯಾನ್ಸರ್ ಮಾತ್ರೆಗಳು, ಕಸಿಯಾದವರಿಗೆ ಕೊಡುವ ಟ್ಯಾಕ್ರೋಲಿಮಸ್, ಕೆಲವು ಕೊಲೆಸ್ಟರಾಲ್ ಮಾತ್ರೆಗಳು ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಡೋಸ್ ಕೂಡ ಬದಲಾಗುತ್ತದೆ. ನೀವು ಬರೆದಿಟ್ಟ ಹಾಳೆ ನಿಜವಾಗಿ ಕೆಲಸಕ್ಕೆ ಬರುವುದು ಈ ಹಂತದಲ್ಲಿ.

ಸ್ಟೆರಾಯ್ಡ್ ಬಗ್ಗೆಯೂ ಒಂದು ಎಚ್ಚರಿಕೆ. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗವು ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್ ಜೀವ ಉಳಿಸುತ್ತದೆಂದು ತೋರಿಸಿತು, ನಿಜ. ಆದರೆ ಅದರ ಲಾಭ ಆಕ್ಸಿಜನ್ ಬೇಕಾದವರಿಗೆ ಮಾತ್ರ. ಆಕ್ಸಿಜನ್ ಬೇಡದವರಿಗೆ ಉಪಯೋಗವಾಗಲಿಲ್ಲ. ಚಿಕಿತ್ಸೆಯ ಭಾಗವಾಗಿ ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಸ್ಟೆರಾಯ್ಡನ್ನು ಮಾತ್ರ ಥಟ್ಟನೆ ನಿಲ್ಲಿಸಬಾರದು, ವೈದ್ಯರನ್ನು ಕೇಳಿ.

ಮನೆಯಲ್ಲಿ ಇರಿ ಎಂದರೆ

ರಕ್ತ ಪರೀಕ್ಷೆ ನೋಡಿ ವೈದ್ಯರು ಮನೆಗೆ ಕಳಿಸಿದರೆ, ದಿನಕ್ಕೆ ಮೂರ್ನಾಲ್ಕು ಸಲ ಜ್ವರ, ಆಕ್ಸಿಜನ್, ನಾಡಿ ಬರೆದಿಡಿ. ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣ ಹಚ್ಚಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ಹಾಗಾಗಿ ಅಂಕಿ ಚೆನ್ನಾಗಿದ್ದರೂ ಉಸಿರು ಕಟ್ಟುತ್ತಿದೆ ಅಂದರೆ ರೋಗಿಯ ಮಾತನ್ನೇ ನಂಬಿ. ಆಕ್ಸಿಜನ್ 94ಕ್ಕಿಂತ ಕೆಳಗೆ ಇಳಿದರೆ ಕಾಯದೆ ಹೊರಡಿ. ಒಂದೇ ಕಾಲು ಊದಿಕೊಂಡು ನೋಯುವುದು, ದಿಢೀರ್ ಎದೆನೋವು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಕ್ಯಾನ್ಸರ್, ಕೋವಿಡ್ ಎರಡೂ ರಕ್ತ ಹೆಪ್ಪುಗಟ್ಟಿಸುವ ಕಾಯಿಲೆಗಳೇ.

ಇಮ್ಯುನೋಥೆರಪಿ (ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ಪಡೆಯುತ್ತಿರುವವರು ಅದನ್ನು ಎಲ್ಲ ವೈದ್ಯರಿಗೂ ಹೇಳಬೇಕು. ಆ ಔಷಧಿಯಿಂದಲೇ ಬರುವ ಶ್ವಾಸಕೋಶದ ಉರಿಯೂತ ಸಿಟಿ ಸ್ಕ್ಯಾನ್‌ನಲ್ಲಿ ಕೋವಿಡ್ ನ್ಯುಮೋನಿಯಾದಂತೆಯೇ ಕಾಣಬಹುದು, ಅದರ ಚಿಕಿತ್ಸೆ ಬೇರೆ.

ಚಿಕಿತ್ಸೆ ನಿಲ್ಲಿಸಬೇಕೇ?

ನೀವಾಗಿ ನಿಲ್ಲಿಸಬೇಡಿ. 2020ರಲ್ಲಿ ಬ್ರಿಟನ್ನಿನಲ್ಲಿ ಕೋವಿಡ್ ತಗುಲಿದ 800 ಕ್ಯಾನ್ಸರ್ ರೋಗಿಗಳ ಮಾಹಿತಿಯನ್ನು ವಿಶ್ಲೇಷಿಸಿದಾಗ, ವಯಸ್ಸು ಮತ್ತು ಇತರ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಹಿಂದಿನ ನಾಲ್ಕು ವಾರದಲ್ಲಿ ಕೀಮೋ ಪಡೆದದ್ದು ಸಾವಿನ ಅಪಾಯವನ್ನು ಗಣನೀಯವಾಗಿ ಹೆಚ್ಚಿಸಿರಲಿಲ್ಲ. ರಕ್ತದ ಕ್ಯಾನ್ಸರ್ ಇರುವವರ ಲೆಕ್ಕ ಬೇರೆ, ನಿಜ. ಆದರೂ ಕೋವಿಡ್ ಭಯಕ್ಕೆ ಆಸ್ಪತ್ರೆಯ ಕಡೆ ಮುಖ ಹಾಕದಿದ್ದರೆ ಕ್ಯಾನ್ಸರ್ ಸುಮ್ಮನೆ ಕೂರುವುದಿಲ್ಲ. ಸೋಂಕು ಇರುವಾಗ ಕೀಮೋವನ್ನು ಸಾಮಾನ್ಯವಾಗಿ ಕೆಲ ಕಾಲ ಮುಂದೂಡುತ್ತಾರೆ. ಮನೆಯಲ್ಲಿ ನುಂಗುವ ಮಾತ್ರೆಗಳಲ್ಲಿ ಕೆಲವನ್ನು ಮುಂದುವರಿಸಬೇಕು, ಕೆಲವನ್ನು ನಿಲ್ಲಿಸಬೇಕು. ಒಂದೊಂದರ ಹೆಸರು ಹೇಳಿ ಕೇಳಿ, ಮತ್ತೆ ಯಾವಾಗ ಶುರು ಎಂಬುದನ್ನೂ ಆಗಲೇ ಕೇಳಿ.

ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರ ದೇಹದಲ್ಲಿ ವೈರಸ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಐದು ದಿನದ ಪ್ರತ್ಯೇಕವಾಸ ಇವರಿಗೆ ಸಾಲದು. ಯಾವಾಗ ಎಲ್ಲರೊಂದಿಗೆ ಬೆರೆಯಬಹುದೆಂದು ವೈದ್ಯರು ಟೆಸ್ಟ್ ನೋಡಿ ಹೇಳಲಿ.

ಲಸಿಕೆ

ಬಳಕೆಯಲ್ಲಿರುವ ಪ್ರಮುಖ ಕೋವಿಡ್ ಲಸಿಕೆಗಳಲ್ಲಿ ದೇಹದೊಳಗೆ ಬೆಳೆಯಬಲ್ಲ ಜೀವಂತ ಕೊರೊನಾ ವೈರಸ್ ಇಲ್ಲ, ಹಾಗಾಗಿ ಕೀಮೋ ನಡುವೆಯೂ ಹಾಕಿಸಬಹುದು. ಯಾವ ವಾರ ಹಾಕಿಸಬೇಕೆಂದು ವೈದ್ಯರನ್ನು ಕೇಳಿ. ಕಸಿ ಅಥವಾ ಕಾರ್-ಟಿ ಆದವರು ಸಾಮಾನ್ಯವಾಗಿ ಮೂರು ತಿಂಗಳು ಕಾಯುತ್ತಾರೆ. ಮನೆಯ ಉಳಿದವರೂ ಹಾಕಿಸಿಕೊಂಡು, ಯಾರಿಗಾದರೂ ಕೆಮ್ಮು ಬಂದ ದಿನ ಎನ್95 ಮಾಸ್ಕ್ ಹಾಕಿ, ಕಿಟಕಿ ತೆರೆದಿಟ್ಟರೆ ರೋಗಿಗೆ ಅದೇ ದೊಡ್ಡ ಉಪಕಾರ.

ಸ್ತನ ಕ್ಯಾನ್ಸರ್‌ಗೆ ಒಂದು ಕಡೆಯ ಕಂಕುಳ ಗಂಟು (ದುಗ್ಧಗ್ರಂಥಿ) ತೆಗೆಸಿಕೊಂಡವರು ಸಾಧ್ಯವಾದಷ್ಟು ಇನ್ನೊಂದು ಕಡೆಯ ತೋಳಿಗೆ ಲಸಿಕೆ ಹಾಕಿಸಿ. ಲಸಿಕೆಯ ನಂತರ ಕೆಲವು ವಾರ, ಲಸಿಕೆ ಹಾಕಿಸಿದ ತೋಳಿನ ಕಡೆಯ ಕಂಕುಳಲ್ಲಿ ಗಂಟು ಊದಿಕೊಳ್ಳಬಹುದು. ಮ್ಯಾಮೋಗ್ರಾಮ್ ಅಥವಾ ಪೆಟ್ ಸ್ಕ್ಯಾನ್‌ನಲ್ಲಿ ಅದು ಕ್ಯಾನ್ಸರ್ ಮರಳಿದಂತೆ ಕಂಡು ಸುಮ್ಮನೆ ಬಯಾಪ್ಸಿಯವರೆಗೂ ಹೋದೀತು. ಸ್ಕ್ಯಾನ್‌ಗೆ ದಿನ ಗೊತ್ತುಮಾಡುವಾಗಲೇ ಯಾವ ತೋಳಿಗೆ, ಯಾವ ತಾರೀಖಿನಂದು ಲಸಿಕೆ ಹಾಕಿಸಿದ್ದೀರಿ ಎಂದು ತಿಳಿಸಿ.