ನೇತ್ರಾಣಿ ಡೈವಿಂಗ್ ಟ್ರಿಪ್ಪಿಗೆ ನಾನು ಆರು ಜನರಿಗಿಂತ ಹೆಚ್ಚು ಯಾಕೆ ಕರ್ಕೊಂಡು ಹೋಗುದಿಲ್ಲ

ಶುಕ್ರವಾರ ಸಂಜೆ ನಾನು ಮಲ್ಪೆ ಬಂದರಿಗೆ ಒಂದು ಸುತ್ತು ಹೋಗ್ತೇನೆ. ಮರುದಿನ ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆ ನಾವು ಬೋಟ್ ಹತ್ತುದು ಮುರ್ಡೇಶ್ವರದಲ್ಲಿ, ಆದ್ರೂ ಹೋಗ್ತೇನೆ, ಯಾಕಂದ್ರೆ ಆ ಕಡೆ ಮೀನಿಗೆ ಹೋಗಿ ಅವತ್ತಷ್ಟೇ ಬಂದ ತಾಂಡೇಲರು, ಅಂದ್ರೆ ಬೋಟ್ ನಡೆಸುವವರು, ಯಾರಾದ್ರೂ ಸಿಕ್ಕಿದ್ರೆ "ನೀರ್ ಎಂಚ ಉಂಡು ಅಣ್ಣಾ" (ನೀರು ಹೇಗುಂಟು ಅಣ್ಣ) ಅಂತ ತುಳುವಲ್ಲಿ ಕೇಳಬಹುದು. ಸಮುದ್ರದ ಸ್ಥಿತಿ ಹೇಳುವ ಸರ್ಕಾರಿ ಸಂಸ್ಥೆ, ಹೈದರಾಬಾದಿನ ಇನ್‌ಕಾಯ್ಸ್‌ನವರ ಮುನ್ಸೂಚನೆ ಹೇಗೂ ಮೊಬೈಲಲ್ಲಿ ನೋಡಿರ್ತೇನೆ, ಅಲೆ ಎಷ್ಟು ಮೀಟರ್, ಗಾಳಿ ಎಷ್ಟು ಅಂತ ಅದ್ರಲ್ಲಿ ಗೊತ್ತಾಗ್ತದೆ, ಆದ್ರೆ ನೀರು ತಿಳಿ ಉಂಟಾ ಕಲಕಿದೆಯಾ, ಸೆಳೆತ ಜೋರುಂಟಾ ಅಂತ ಹೇಳ್ಲಿಕ್ಕೆ ಅಲ್ಲಿಂದ ಬಂದವರೇ ಆಗ್ಬೇಕು. ಅವರು ತಲೆ ಅಲ್ಲಾಡಿಸಿದ್ರೆ ನಾನು ಅಲ್ಲಿಂದಲೇ ಆರು ಜನರಿಗೂ ಫೋನ್ ಮಾಡಿ ಕ್ಯಾನ್ಸಲ್ ಮಾಡ್ತೇನೆ, ದುಡ್ಡು ಪೂರ್ತಿ ವಾಪಸ್. ಹಾಗೆ ಮಾಡಿದ್ರೆ ಎಷ್ಟೋ ವಾರ ನನಗೆ ನಷ್ಟ ಆಗ್ತದೆ, ಆದ್ರೆ ದುಡ್ಡು ಹಿಡ್ಕೊಂಡವನಿಗೆ ಬೆಳಿಗ್ಗೆ ಎದ್ದು ಸಮುದ್ರ ನೋಡಿ "ಇವತ್ತು ಬೇಡ" ಅಂತ ಹೇಳ್ಲಿಕ್ಕೆ ಬಾಯಿ ಬರುದಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಉಡುಪಿಯವ, ಡೈವ್‌ಮಾಸ್ಟರ್, ಅಂದ್ರೆ ಬೇರೆಯವರನ್ನು ಡೈವಿಗೆ ಕರ್ಕೊಂಡು ಹೋಗುವ ಟ್ರೈನಿಂಗ್, ಮಾಡಿದ್ದೇನೆ, ವಾರವಿಡೀ ಬೇರೆ ಕೆಲಸ. ಮಳೆ ಹೋಗಿ ಅಕ್ಟೋಬರ್ ಬಂದ್ಮೇಲೆ ಮೇ ತಿಂಗಳವರೆಗೆ ಶನಿವಾರ ಭಾನುವಾರ ಇದೇ. ಬೋಟ್, ಸಿಲಿಂಡರ್, ಇನ್‌ಸ್ಟ್ರಕ್ಟರ್ಸ್ ಎಲ್ಲ ಅಲ್ಲಿ ಲೈಸೆನ್ಸ್ ಇರುವವರದ್ದು, ನಾನು ಬೋಟನ್ನು ನನ್ನ ಗ್ರೂಪಿಗೆ ಮಾತ್ರ ಅಂತ ಪೂರ್ತಿ ಬಾಡಿಗೆಗೆ ಹಿಡಿತೇನೆ. ಆರೇ ಜನ. ತಲೆಗೆ ಬೀಳುವ ಖರ್ಚು ಹೆಚ್ಚು, ಅದನ್ನು ಮೊದಲೇ ಹೇಳ್ತೇನೆ.

ಆರು ಅಂತ ಯಾಕೆ ಹಠ ಅಂದ್ರೆ, ನಾನು ಮೊದಲ ಸಲ ಡೈವ್ ಮಾಡಿದ್ದು ಗಿರಾಕಿಯಾಗಿ, ಇಪ್ಪತ್ತಕ್ಕಿಂತ ಹೆಚ್ಚು ಜನ ತುಂಬಿದ ಬೋಟಲ್ಲಿ. ಯಾರ ಬೋಟು ಅಂತ ಬೇಡ. ಕೆಳಗೆ ಇಳಿವಾಗ ನನ್ನ ಎಡಕಿವಿ ನೋಯ್ಲಿಕ್ಕೆ ಶುರುವಾಯ್ತು, ಹೇಳಿಕೊಟ್ಟ ಹಾಗೆ ಕಿವಿ ತೋರಿಸಿ ಕೈ ಅಲ್ಲಾಡಿಸಿದೆ, ಕರ್ಕೊಂಡು ಹೋದವರ ಗಮನ ಪೂರ್ತಿ ಕ್ಯಾಮರಾದಲ್ಲಿ, ಹಿಂದೆ ಇನ್ನೊಂದು ಬ್ಯಾಚ್ ಕಾಯ್ತಾ ಉಂಟು ಅಂತ ಅರ್ಜೆಂಟ್ ಬೇರೆ, ಹಾಗೇ ಎಳ್ಕೊಂಡು ಇಳಿಸಿದ್ರು. ಮೇಲೆ ಬಂದಾಗ ಕಿವಿಯಿಂದ ಸ್ವಲ್ಪ ರಕ್ತ. ಎರಡು ವಾರ ಆ ಕಿವಿ ಮುಚ್ಚಿದ ಹಾಗೆ ಇತ್ತು. ಅದೇ ದಿನ ಬೋಟ್ ಹೊರಡುವಾಗ ತಲೆ ಎಣಿಸಿದ್ರೆ ಒಬ್ಬರು ಕಮ್ಮಿ, ನೋಡಿದ್ರೆ ಒಬ್ಬ ಹುಡುಗಿ ಬೋಟಿನ ಆ ಬದಿ ಲಂಗರಿನ ಹಗ್ಗ ಹಿಡ್ಕೊಂಡು ಮಾತಾಡ್ಲಿಕ್ಕೂ ಆಗದೆ ನೀರಲ್ಲೇ ಇದ್ಳು. ಅವಳ ಆ ಮುಖ ನನಗೆ ಈಗಲೂ ನೆನಪುಂಟು. ಆರು ಜನ ಆದ್ರೆ ನಾನು ಎಣಿಸ್ಬೇಕಂತಲೇ ಇಲ್ಲ, ಒಂದು ಸಲ ತಿರುಗಿ ನೋಡಿದ್ರೆ ಯಾರಿಲ್ಲ ಅಂತ ಗೊತ್ತಾಗ್ತದೆ, ಆದ್ರೂ ಹೆಸರು ಕರೆದು ಎಣಿಸ್ತೇನೆ, ನೀರಿಗೆ ಇಳಿಯುವ ಮೊದಲು ಒಂದು ಸಲ, ಎಲ್ಲರೂ ಹತ್ತಿದ ಮೇಲೆ ಇನ್ನೊಂದು ಸಲ.

ಟ್ರಿಪ್ಪಿಗೆ ಒಂದು ವಾರ ಮೊದಲೇ ಒಬ್ಬೊಬ್ಬರ ಹತ್ರ ಬೇರೆ ಬೇರೆ ಮಾತಾಡ್ತೇನೆ, ಗ್ರೂಪಲ್ಲಿ ಕೇಳಿದ್ರೆ ಯಾರೂ ನಿಜ ಹೇಳುದಿಲ್ಲ. ಅಸ್ತಮಾ ಉಂಟಾ, ಹಾರ್ಟ್ ತೊಂದರೆ, ಫಿಟ್ಸ್, ಕಿವಿ ಆಪರೇಷನ್, ಹೆಂಗಸರಾದ್ರೆ ಗರ್ಭಿಣಿಯಾ ಅಂತ. ಒಂದಕ್ಕೆ ಹೌದು ಅಂದ್ರೂ ಡಾಕ್ಟರ್ ಚೀಟಿ ಇಲ್ಲದೆ ಆಗುದಿಲ್ಲ, ಗರ್ಭಿಣಿಯಾದ್ರೆ ಚೀಟಿ ತಂದ್ರೂ ಇಲ್ಲ. ಶೀತ ಇದ್ರೆ ಸಹ ಇಲ್ಲ. ಒಬ್ಬ ಮಣಿಪಾಲದ ಹುಡುಗ ಮೂಗು ಕಟ್ಟಿದ್ದಕ್ಕೆ ಮಾತ್ರೆ ತಗೊಂಡು "ಈಗ ಸರಿಯಾಗಿದೆ ಸರ್" ಅಂತ ಬಂದ, ಅವನನ್ನು ಬೋಟಲ್ಲೇ ಕೂರಿಸಿದೆ, ಮುಖ ಸಣ್ಣದಾಯ್ತು ಪಾಪ. ವಿಷಯ ಏನಂದ್ರೆ ಮಾತ್ರೆ ಹಾಕಿದಾಗ ಮೂಗು ಬಿಡ್ತದೆ, ಇಳಿವಾಗ ತೊಂದರೆ ಇಲ್ಲ, ಆದ್ರೆ ಕೆಳಗಿರುವಾಗ ಮಾತ್ರೆಯ ಪವರ್ ಇಳಿದ್ರೆ ಕಿವಿ, ಮೂಗಿನ ಒಳಗಿನ ಗಾಳಿ ಹೊರಗೆ ಬರ್ಲಿಕ್ಕೆ ದಾರಿ ಇಲ್ಲ, ಮೇಲೆ ಬರುವಾಗ ನೋವು ಶುರು. ಇಳಿವಾಗ ನೋವಾದ್ರೆ ನಿಲ್ಲಿಸಬಹುದು, ಮೇಲೆ ಬರ್ದೇ ಇರ್ಲಿಕ್ಕೆ ಆಗ್ತದಾ?

"ಈಜು ಬರುದಿಲ್ಲ, ಆಗ್ತದಾ" ಅಂತ ಎಲ್ಲರೂ ಕೇಳ್ತಾರೆ. ಟ್ರೈ ಡೈವಿಗೆ, ಅಂದ್ರೆ ಕೋರ್ಸ್ ಮಾಡದೆ ಇನ್‌ಸ್ಟ್ರಕ್ಟರ್ ಜೊತೆ ಇಳಿದು ನೋಡುದಕ್ಕೆ, ಈಜು ಬರಲೇಬೇಕಂತ ಇಲ್ಲ, ಡೈವಿಂಗ್ ಕಲಿಯುವ ಕೋರ್ಸಿಗೆ ಮಾತ್ರ ಬೇಕು, ಅದ್ರಲ್ಲಿ 200 ಮೀಟರ್ ಈಜಿ 10 ನಿಮಿಷ ತೇಲಬೇಕು. ಆದ್ರೆ ನೀರಿನ ಹೆದರಿಕೆ ಇರುವವರನ್ನು ಸೀದಾ ಸಮುದ್ರಕ್ಕೆ ಇಳಿಸುದು ನನಗೆ ಸರಿ ಕಾಣುದಿಲ್ಲ, ಹಾಗಾಗಿ ಉಡುಪಿಯಲ್ಲೇ ಒಂದು ಈಜುಕೊಳದಲ್ಲಿ ಒಂದು ಸಂಜೆ ಸೇರ್ತೇವೆ. ಮಾಸ್ಕಿಗೆ ನೀರು ತುಂಬಿಸಿ ಮೂಗಿಂದ ಊದಿ ಖಾಲಿ ಮಾಡುದು, ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರನ್ನು ಬಾಯಿಂದ ತೆಗೆದು ಪುನಃ ಹಾಕುದು, ಇದೆರಡು ಸೊಂಟದಷ್ಟು ನೀರಲ್ಲಿ ಹತ್ತು ಸಲ ಮಾಡಿದವರಿಗೆ ಅಲ್ಲಿ ಗಾಬರಿ ಆಗುದಿಲ್ಲ. ಉಸಿರು ಹಿಡಿಬಾರ್ದು ಅಂತ ಮಾತ್ರ ಸಾಕಾಗುವಷ್ಟು ಸಲ ಹೇಳ್ತೇನೆ. 10 ಮೀಟರಲ್ಲಿ ಒತ್ತಡ ಮೇಲಿನದ್ದಕ್ಕಿಂತ ಎರಡು ಪಟ್ಟು, ಅಲ್ಲಿ ಎಳ್ಕೊಂಡ ಉಸಿರನ್ನು ಹಿಡ್ಕೊಂಡು ಮೇಲೆ ಬಂದ್ರೆ ಅದೇ ಗಾಳಿ ಶ್ವಾಸಕೋಶದೊಳಗೆ ಎರಡರಷ್ಟಾಗ್ತದೆ.

ಟ್ರಿಪ್ಪಿನ ದಿನ ಬೆಳಿಗ್ಗೆ 4ಕ್ಕೆ ಉಡುಪಿಯ ಕರಾವಳಿ ಬೈಪಾಸ್ ಹತ್ರ ಸೇರುದು, ಹೈವೇ 66ರಲ್ಲಿ ಕುಂದಾಪುರ, ಬೈಂದೂರು, ಭಟ್ಕಳ ದಾಟಿ ಸುಮಾರು 100 ಕಿಲೋಮೀಟರ್. ದಾರಿಯಲ್ಲಿ ಎರಡು ಇಡ್ಲಿ, ಅಷ್ಟೇ. ಬನ್ಸ್, ಗೋಳಿಬಜೆ ವಾಪಸ್ ಬರುವಾಗ ಎಷ್ಟು ಬೇಕಾದ್ರೂ ತಿನ್ನಿ, ಆದ್ರೆ ಖಾಲಿ ಹೊಟ್ಟೆ ಬೇಡ, ವಾಂತಿ ಇನ್ನೂ ಜಾಸ್ತಿ. ವಾಂತಿ ಆಗದ ಹಾಗೆ ಅವೋಮಿನ್ ಮಾತ್ರೆ ತಗೊಳ್ಳುವವರು ಮೊದಲೇ ಡಾಕ್ಟರ್ ಹತ್ರ ಕೇಳಿರ್ಬೇಕು, ಯಾಕಂದ್ರೆ ಅದು ಮಂಪರು ತರ್ತದೆ, ಮಂಪರಿನವರನ್ನು ನಾನು ಇಳಿಸುದಿಲ್ಲ.

ಮುರ್ಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್, ಗಂಟೆಗಿಂತ ಹೆಚ್ಚೇ ಹಿಡಿತದೆ. 123 ಅಡಿಯ ಶಿವನ ಮೂರ್ತಿ ನೋಡ್ತಾ ನೋಡ್ತಾ ಬೆರಳಷ್ಟಾಗ್ತದೆ. ಬೆಳಿಗ್ಗೆ ಬೇಗ ಹೊರಡುದು ಸುಮ್ಮನೆ ಅಲ್ಲ, ನಮ್ಮ ಕಡಲಲ್ಲಿ ಬೆಳಿಗ್ಗೆ ನೀರು ಸಮ ಇರ್ತದೆ, ಮಧ್ಯಾಹ್ನ ಆಗ್ತಿದ್ದ ಹಾಗೆ ಕಡಲ ಗಾಳಿ ಎದ್ದು ಅಲೆ ಜೋರಾಗ್ತದೆ, ಅಷ್ಟರೊಳಗೆ ಎರಡು ಡೈವ್ ಮುಗಿದಿರ್ಬೇಕು.

ಇಳಿಯುದು ಹಗ್ಗ ಹಿಡ್ಕೊಂಡು. ಒಂದೊಂದು ಮೀಟರಿಗೆ ನಿಲ್ಲುದು, ಮೂಗು ಹಿಡಿದು ಮೆತ್ತಗೆ ಊದುದು, ಕಿವಿ ಬಿಡ್ತಾ, ಓಕೆ ಸನ್ನೆ, ಮತ್ತೊಂದು ಮೀಟರ್. ನೋವು ಬಂದ ಮೇಲೆ ಊದಿದ್ರೆ ತಡವಾಯ್ತು ಅಂತ ಲೆಕ್ಕ, ಒಂದು ಮೀಟರ್ ಮೇಲೆ ಹೋಗಿ ಪುನಃ ಮಾಡ್ಬೇಕು. ಒಬ್ಬರಿಗೆ ಹತ್ತು ನಿಮಿಷ ಬೇಕಾದ್ರೆ ಹತ್ತು ನಿಮಿಷ. ಟ್ರೈ ಡೈವಿನವರಿಗೆ 12 ಮೀಟರ್ ಮಿತಿ, ನಾವು ಅಷ್ಟಕ್ಕೂ ಹೋಗುದಿಲ್ಲ, ಮೇಲಿನ ಬಂಡೆಗಳಲ್ಲೇ ಬೇಕಾದಷ್ಟುಂಟು. ಸಿಲಿಂಡರಲ್ಲಿ ಗಾಳಿಯ ಒತ್ತಡ ಶುರುವಿಗೆ 200 ಬಾರ್, ಮೀಟರಲ್ಲಿ ಕಾಣ್ತದೆ, 100 ಆದಾಗ ನನಗೆ ತೋರಿಸ್ಬೇಕು, 50 ಉಳಿದಿರುವಾಗ ಬೋಟಲ್ಲಿರ್ಬೇಕು.

ಒಂದು ಸಲ ಉಚ್ಚಿಲದ ಕಡೆಯ ಒಬ್ಬರು ಬಂದಿದ್ರು, ಐವತ್ತು ದಾಟಿದವರು, ಮೂವತ್ತು ವರ್ಷ ಬಲೆ ಎಳೆದವರು, ಮಗ ದುಡ್ಡು ಕಟ್ಟಿ ಕಳಿಸಿದ್ದು. ಬಂಡೆ ಸಂದಿಯಲ್ಲಿ ಒಂದು ದೊಡ್ಡ ಮುರು ಮೀನು (ಗ್ರೂಪರ್) ಬಾಯಿ ತೆರ್ದು ಮುಚ್ಚಿ ಸುಮ್ಮನೆ ನಿಂತಿತ್ತು, ಇವರು ಅದರ ಎದುರಿಂದ ಅಲ್ಲಾಡ್ಲೇ ಇಲ್ಲ. ಮೇಲೆ ಬಂದ್ಮೇಲೆ ಸುಮಾರು ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ನಾವು ಇದನ್ನು ಬೋಟಿನ ಮೇಲೆ ಬಿದ್ದದ್ದೇ ನೋಡಿದ್ದು ಮಾರಾಯ್ರೆ, ಇದು ಹೀಗೆ ನಿಲ್ತದೆ ಅಂತ ಗೊತ್ತೇ ಇರ್ಲಿಲ್ಲ" ಅಂದ್ರು. ಆಮೇಲೆ ಬಂಡೆಗೆ ಸಿಕ್ಕಿದ ಹಳೆ ಬಲೆಯ ತುಂಡು ಕಂಡದ್ದನ್ನು ಹೇಳಿ, ಚಾಕು ತಂದು ಕೊಯ್ಯುವ ಅಂತ ಹೊರಟ್ರು. ಅದು ಟ್ರೈನಿಂಗ್ ಇಲ್ಲದೆ ಮಾಡುವ ಕೆಲಸ ಅಲ್ಲ, ಮನುಷ್ಯರೇ ಸಿಕ್ಕಿಬೀಳ್ತಾರೆ ಅಂತ ತಡೆದೆ, ಆದ್ರೆ ಆ ಮಾತು ಕೇಳಿ ನನಗೆ ತುಂಬಾ ಖುಷಿಯಾಯ್ತು. ನಿಧಾನವಾಗಿ ಹೋಗುವ ಸಣ್ಣ ಗ್ರೂಪಾದ್ದರಿಂದ ಅವರು ಅಷ್ಟು ಹೊತ್ತು ನಿಲ್ಲಲಿಕ್ಕೆ ಆಯ್ತು.

ಇನ್ನು ಬೆಂಗಳೂರಿನವರಿಗೆ ಒಂದು ಮಾತು, ಇದಕ್ಕೇ ಹೆಚ್ಚು ಜಗಳ ಆಗುದು. ಡೈವ್ ಮಾಡಿದಾಗ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗಿರ್ತದೆ, ಅದು ಮೆಲ್ಲ ಹೊರಗೆ ಹೋಗ್ಬೇಕು, ಅಷ್ಟರೊಳಗೆ ಎತ್ತರಕ್ಕೆ ಹೋದ್ರೆ ಒತ್ತಡ ಕಮ್ಮಿಯಾಗಿ ಸೋಡಾ ಬಾಟ್ಲಿ ತೆರೆದ ಹಾಗೆ ಗುಳ್ಳೆ ಏಳಬಹುದು. ಅದಕ್ಕೇ ಒಂದು ಡೈವ್ ಆದ್ರೆ 12 ಗಂಟೆ, ಎರಡಾದ್ರೆ 18 ಗಂಟೆ ವಿಮಾನ ಹತ್ತಬಾರ್ದು ಅಂತ ನಿಯಮ. ಬಜ್ಪೆಯಿಂದ ರಾತ್ರಿ ಫ್ಲೈಟ್ ಬುಕ್ ಮಾಡಿ ಬಂದವರನ್ನು ನಾನು ನೀರಿಗೇ ಇಳಿಸುದಿಲ್ಲ. ಜನ ಮರೆಯುದು ಘಾಟಿಯನ್ನು. ಡೈವಿಂಗ್ ಲೆಕ್ಕದಲ್ಲಿ 300 ಮೀಟರ್ ದಾಟಿದ್ರೇ ಎತ್ತರ, ಸಕಲೇಶಪುರ, ಬೆಂಗಳೂರು ಎರಡೂ 900ರ ಮೇಲೆ. ಕಾರಲ್ಲಿ ಹೋಗುದಲ್ವಾ ಅಂದ್ರೆ ಮೈಗೆ ಕಾರು, ವಿಮಾನ ಅಂತ ಗೊತ್ತಾಗುದಿಲ್ಲ. ಟ್ರೈ ಡೈವಿನಷ್ಟು ಆಳಕ್ಕೆ ಅಪಾಯ ಕಮ್ಮಿ, ಆದ್ರೂ ನಾನು ಆ ರಾತ್ರಿ ಎಲ್ಲರನ್ನೂ ಉಡುಪಿಯಲ್ಲೇ ಉಳಿಸ್ತೇನೆ, ರೂಮಿನ ಬಾಡಿಗೆ ಟ್ರಿಪ್ಪಿನ ದುಡ್ಡಲ್ಲೇ ಸೇರಿರ್ತದೆ. ಮಧ್ಯಾಹ್ನ 12ಕ್ಕೆ ನೀರಿಂದ ಮೇಲೆ ಬಂದ್ರೆ ಮರುದಿನ ಬೆಳಿಗ್ಗೆ 6ಕ್ಕೆ 18 ಗಂಟೆ ಆಯ್ತು, ತಿಂಡಿ ತಿಂದು ಆರಾಮಲ್ಲಿ ಹೊರಡಿ, ದಾರಿಯಲ್ಲಿ ಗಂಟು ನೋವು, ಜೋಮು, ತಲೆ ತಿರುಗುದು ಏನಾದ್ರೂ ಬಂದ್ರೆ ಕೂಡ್ಲೇ ಫೋನ್ ಮಾಡಿ ಅಂತ ಹೇಳ್ತೇನೆ. ಮತ್ತೆ ಮನೆ ಮುಟ್ಟಿದ ಕೂಡ್ಲೇ ಒಂದು ಮೆಸೇಜ್ ಹಾಕ್ಬೇಕು, ಆರು ಮೆಸೇಜ್ ಬರುವವರೆಗೆ ನಾನು ಫೋನ್ ಸೈಲೆಂಟಿಗೆ ಹಾಕುದಿಲ್ಲ.